ಮಾಸೆಟರ್ ದಪ್ಪ ಅಳೆಯುವುದು: ಜಾಗ ತಪ್ಪಬಾರದು, ಪ್ರೋಬ್ ಒತ್ತಬಾರದು

ದವಡೆಯ ಮೂಲೆ ಚೌಕವಾಗಿ ಉಬ್ಬಿರುವವರು ಬಂದಾಗ ಮೊದಲು ಕೈಯಿಟ್ಟೇ ನೋಡುತ್ತೇನೆ. ಹಲ್ಲು ಕಚ್ಚಿದಾಗ ಉಬ್ಬು ಗಟ್ಟಿಯಾಗಿ, ಬಿಟ್ಟಾಗ ಮೆತ್ತಗಾದರೆ ಅದು ಮಾಸೆಟರ್, ಅಂದರೆ ಅಗಿಯುವ ಸ್ನಾಯು. ಕಚ್ಚಿದರೂ ಬಿಟ್ಟರೂ ಒಂದೇ ತರ ಇದ್ದು, ಕಿವಿಯ ಹಾಲೆ ಮೇಲಕ್ಕೆದ್ದಂತೆ ಕಂಡರೆ ಪರೋಟಿಡ್ ಜೊಲ್ಲುಗ್ರಂಥಿಯ ಮೇಲೆ ಅನುಮಾನ. ರಾತ್ರಿ ಹಲ್ಲು ಕಡಿಯುತ್ತಾರಾ, ಗುಟ್ಕಾ ಅಥವಾ ಎಲೆಅಡಿಕೆ ಇದೆಯಾ, ಒಂದು ಕಡೆ ದವಡೆಹಲ್ಲು ಇಲ್ಲದೆ ಇನ್ನೊಂದೇ ಕಡೆ ಅಗಿಯುತ್ತಾರಾ ಎಂದು ಕೇಳಿ ಬರೆದುಕೊಳ್ಳುತ್ತೇನೆ.

ಆದರೆ ಉಬ್ಬು ಎಷ್ಟಿದೆ ಎಂದು ಚೀಟಿಯಲ್ಲಿ ‘ಗ್ರೇಡ್ 2’ ಎಂದಷ್ಟೇ ಬರೆದರೆ ಮೂರು ತಿಂಗಳು ಬಿಟ್ಟು ಬರೆದವರಿಗೇ ಅದು ಎಷ್ಟೆಂದು ತಿಳಿಯುವುದಿಲ್ಲ. ಕ್ಯಾಲಿಪರ್‌ನಲ್ಲಿ ಅಳೆದರೆ ಚರ್ಮ, ಕೊಬ್ಬು, ಮೂಳೆ ಎಲ್ಲ ಸೇರಿಬಿಡುತ್ತದೆ. ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ ಇಎಂಜಿ ಹೇಳುವುದು ಸ್ನಾಯುವಿನ ಚಟುವಟಿಕೆಯನ್ನು, ಗಾತ್ರವನ್ನಲ್ಲ. ಎಂಆರ್‌ಐ ಗಾತ್ರವನ್ನು ಚೆನ್ನಾಗಿ ಕೊಡುತ್ತದೆ, ಪ್ರತಿ ಭೇಟಿಗೂ ಮಾಡಿಸಲು ಯಾರ ಜೇಬೂ ಒಪ್ಪುವುದಿಲ್ಲ. ಹಾಗಾಗಿ ಅಲ್ಟ್ರಾಸೌಂಡ್.

ಚರ್ಮದ ಮೇಲಿಡುವ ಹಿಡಿ ನೇರ ಅಂಚಿನದು, ಅಂದರೆ ಲೀನಿಯರ್ ಪ್ರೋಬ್, 10ರಿಂದ 12 ಮೆಗಾಹರ್ಟ್ಸ್, ಆಳ 3 ಸೆಂ.ಮೀ., ಫೋಕಸ್ ಸ್ನಾಯುವಿನ ಮಟ್ಟಕ್ಕೆ. ರೋಗಿ ಅಂಗಾತ ಮಲಗಿರಬೇಕು, ಮುಖ ನೇರ ಮೇಲಕ್ಕೆ. ಕುತ್ತಿಗೆ ಒಂದು ಕಡೆ ತಿರುಗಿದರೆ ಎರಡು ಕಡೆಯ ಅಳತೆಯನ್ನು ಹೋಲಿಸಲು ಆಗುವುದಿಲ್ಲ. ಕಿವಿಯ ರಂಧ್ರದ ಮುಂದಿರುವ ಪುಟ್ಟ ಉಬ್ಬಾದ ಟ್ರೇಗಸ್‌ನಿಂದ ಬಾಯಿಯ ಮೂಲೆಗೆ ಒಂದು ಗೆರೆ ಎಳೆದು, ಅದರ ಕೆಳಗೆ, ಕಚ್ಚಿದಾಗ ಸ್ನಾಯು ಅತಿ ಹೆಚ್ಚು ಉಬ್ಬುವ ಕಡೆ ಗುರುತು ಹಾಕುತ್ತೇನೆ. ಮುಂದಿನ ಸಲ ಇದೇ ಜಾಗ ಸಿಗಬೇಕಲ್ಲ, ಅದಕ್ಕೆ ಹಳೆಯ ಎಕ್ಸ್‌ರೇ ಫಿಲ್ಮನ್ನು ತೊಳೆದು ಪಾರದರ್ಶಕ ಮಾಡಿಟ್ಟುಕೊಂಡಿದ್ದೇನೆ. ಅದನ್ನು ಕೆನ್ನೆಯ ಮೇಲಿಟ್ಟು ಟ್ರೇಗಸ್, ಬಾಯಿಯ ಮೂಲೆ, ಪ್ರೋಬ್ ಇಡುವ ಜಾಗ ಮೂರನ್ನೂ ಮಾರ್ಕರ್‌ನಲ್ಲಿ ಗುರುತಿಸಿ ರೋಗಿಯ ಫೈಲಿನಲ್ಲೇ ಇಡುತ್ತೇನೆ.

ಅಳತೆ ಹೆಚ್ಚಾಗಿ ಕೆಡುವುದು ಕೈಯ ಒತ್ತಡದಿಂದ. ಸಡಿಲ ಸ್ನಾಯು ಮೆತ್ತಗಿರುತ್ತದೆ, ಪ್ರೋಬ್ ಸ್ವಲ್ಪ ಊರಿದರೂ ಮಿಲಿಮೀಟರ್ ಲೆಕ್ಕದಲ್ಲಿ ತೆಳ್ಳಗಾಗುತ್ತದೆ. ಜೆಲ್ ಧಾರಾಳವಾಗಿ ಹಾಕಿ, ಕಿರುಬೆರಳನ್ನು ದವಡೆಯ ಅಂಚಿಗೆ ಆನಿಸಿ ಪ್ರೋಬನ್ನು ತೇಲಿಸಿದಂತೆ ಹಿಡಿಯುತ್ತೇನೆ. ಪರದೆಯಲ್ಲಿ ಪ್ರೋಬ್‌ಗೂ ಚರ್ಮಕ್ಕೂ ನಡುವೆ ಜೆಲ್‌ನ ಕಪ್ಪು ಪಟ್ಟಿ 2 ಮಿ.ಮೀ. ಆದರೂ ಕಾಣಬೇಕು. ಪಟ್ಟಿ ಕಾಣದ ಚಿತ್ರವನ್ನು ಅಳೆಯುವುದೇ ಇಲ್ಲ.

ಅಳತೆ ಕೆಡಿಸುವ ಇನ್ನೊಂದು ಕಾರಣ ಪ್ರೋಬ್ ಓರೆಯಾಗುವುದು. ದವಡೆಮೂಳೆಯ ಬಿಳಿ ಗೆರೆ ಚೂಪಾಗಿ, ಹಿಂದೆ ಕಪ್ಪು ನೆರಳಿನೊಡನೆ ಬರುವವರೆಗೆ ಪ್ರೋಬನ್ನು ಹೊರಳಿಸಬೇಕು. ಗೆರೆ ಮಬ್ಬಾಗಿದ್ದರೆ ಸ್ನಾಯುವನ್ನು ಓರೆಯಾಗಿ ಕಂಡಿದ್ದೇವೆ ಎಂದರ್ಥ, ದಪ್ಪ ಸುಳ್ಳಾಗಿ ಹೆಚ್ಚು ಬರುತ್ತದೆ. ಸ್ನಾಯುವಿನೊಳಗೂ ಬಿಳಿ ಸ್ನಾಯುರಜ್ಜು ಪದರಗಳಿವೆ. ಹೊಸಬರು ಅದನ್ನೇ ಮೂಳೆ ಎಂದುಕೊಂಡು ಅಳೆದುಬಿಡುತ್ತಾರೆ. ನೆರಳು ಇಲ್ಲದಿದ್ದರೆ ಅದು ಮೂಳೆಯಲ್ಲ. ಹಿಂದಿನ ಅಂಚಿನಲ್ಲಿ ಪರೋಟಿಡ್ ಸ್ನಾಯುವಿಗಿಂತ ಬೆಳ್ಳಗೆ, ನುಣ್ಣಗೆ ಕಾಣುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಬಾರದು.

ಸಡಿಲ ಅಳತೆಗೆ ‘ಎಂಜಲು ನುಂಗಿ, ತುಟಿ ಮುಚ್ಚಿ, ಹಲ್ಲು ಮಾತ್ರ ತಾಗಿಸಬೇಡಿ’ ಎನ್ನುತ್ತೇನೆ. ಆಮೇಲೆ ‘ಹಿಂದಿನ ಹಲ್ಲಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ’. ಹಲವರು ತುಟಿ ಬಿಗಿಯುತ್ತಾರೆ, ಹಲ್ಲು ಕಚ್ಚಿರುವುದಿಲ್ಲ. ಇನ್ನೊಂದು ಕೈಯ ಬೆರಳು ಅವರ ಕಣತಲೆಯ ಮೇಲಿದ್ದರೆ ಇದು ಗೊತ್ತಾಗುತ್ತದೆ, ನಿಜವಾಗಿ ಕಚ್ಚಿದಾಗ ಅಲ್ಲಿಯೂ ಸ್ನಾಯು ಎದ್ದು ನಿಲ್ಲುತ್ತದೆ. ದವಡೆಹಲ್ಲು ಇಲ್ಲದವರಿಗೆ ಹತ್ತಿಯ ರೋಲ್ ಕೊಡುತ್ತೇನೆ, ಕೊಟ್ಟದ್ದನ್ನು ಬರೆಯುತ್ತೇನೆ. ಮುಂದಿನ ಸಲವೂ ರೋಲ್ ಬೇಕಾಗುತ್ತದೆ.

ಪ್ರತಿ ಸ್ಥಿತಿಗೂ ಮೂರು ಸಲ, ಪ್ರತಿ ಸಲವೂ ಪ್ರೋಬ್ ಎತ್ತಿ ಮತ್ತೆ ಇಟ್ಟು. ಮೂರರಲ್ಲಿ 0.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲಿಂದ ಶುರು. ಬರೆಯುವುದು ಹೀಗೆ, ಮಿ.ಮೀ. ಲೆಕ್ಕದಲ್ಲಿ: ‘ಬಲ ಸಡಿಲ 13.2, ಕಚ್ಚಿ 16.4, ಕೊಬ್ಬು 4.1’. ಕೊಬ್ಬಿನ ಪದರವನ್ನು ಬೇರೆಯಾಗಿ ಬರೆಯಲೇಬೇಕು. ತೂಕ ಇಳಿದು ಮುಖ ಸಣ್ಣಗಾದದ್ದನ್ನು, ಸ್ನಾಯು ಇಳಿಸಲು ಕೊಡುವ ಬೊಟುಲಿನಮ್ ಟಾಕ್ಸಿನ್ (ಬೊಟಾಕ್ಸ್) ಇಂಜೆಕ್ಷನ್‌ನ ಲೆಕ್ಕಕ್ಕೆ ಜಮಾ ಮಾಡುವವರು ಕಡಿಮೆಯಿಲ್ಲ.

ಇಷ್ಟು ಮಿ.ಮೀ. ದಾಟಿದರೆ ಸ್ನಾಯು ಅತಿಯಾಗಿ ಬೆಳೆದಿದೆ, ಅಂದರೆ ಹೈಪರ್‌ಟ್ರೋಫಿ ಎಂದು ಎಲ್ಲರೂ ಒಪ್ಪಿದ ಗಡಿಯಿಲ್ಲ. ವಯಸ್ಕರಲ್ಲಿ ಸಡಿಲ ದಪ್ಪ ಸಾಮಾನ್ಯವಾಗಿ ಒಂದು ಸೆಂ.ಮೀ. ಆಸುಪಾಸು, ಗಂಡಸರಲ್ಲಿ ಹೆಚ್ಚು. ನಾನು ನೋಡುವುದು ಅದೇ ವ್ಯಕ್ತಿಯ ಎರಡು ಕಡೆಯ ಅಂತರ ಮತ್ತು ಎರಡು ಭೇಟಿಗಳ ಅಂತರ. 1 ಮಿ.ಮೀ. ಒಳಗಿನ ಬದಲಾವಣೆಯನ್ನು ಬದಲಾವಣೆ ಎಂದು ಬರೆಯುವುದಿಲ್ಲ. ಒಂದೇ ಕಡೆ ಉಬ್ಬಿದ್ದು, ಒಳಗೆ ಕಪ್ಪು ಪೊಳ್ಳುಗಳು ಅಥವಾ ನೆರಳು ಬೀಳಿಸುವ ಬಿಳಿ ಹರಳು ಕಂಡರೆ ರಕ್ತನಾಳದ ಗಂಟಿರಬಹುದು. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ನೋಡಿ, ಎಂಆರ್‌ಐಗೆ ಕಳಿಸುತ್ತೇನೆ, ಸೂಜಿ ಹಾಕುವುದಿಲ್ಲ.

ಬೊಟುಲಿನಮ್ ಟಾಕ್ಸಿನ್ ಕೊಟ್ಟವರನ್ನು ಮರುವಾರವೇ ಅಳೆದು ಪ್ರಯೋಜನವಿಲ್ಲ. ಬಲ ಬೇಗ ತಗ್ಗುತ್ತದೆ, ದಪ್ಪ ಇಳಿಯಲು ವಾರಗಳು ಬೇಕು. ಸುಮಾರು 3 ತಿಂಗಳಿಗೆ ಒಮ್ಮೆ, 6 ತಿಂಗಳಿಗೆ ಇನ್ನೊಮ್ಮೆ ಅಳೆಯುತ್ತೇನೆ. ಔಷಧ ಆಳಕ್ಕೆ ಮಾತ್ರ ಹೋಗಿ ಮೇಲಿನ ಪದರಕ್ಕೆ ತಲುಪದಿದ್ದರೆ ಅಗಿಯುವಾಗ ಕೆನ್ನೆಯಲ್ಲಿ ಹೊಸ ಗಡ್ಡೆ ಎದ್ದಂತೆ ಕಾಣುತ್ತದೆ. ಸಡಿಲ ಅಳತೆಯಲ್ಲಿ ಇದು ಸಿಗದು, ಕಚ್ಚಿಸಿಯೇ ನೋಡಬೇಕು.

ನಮ್ಮಲ್ಲಿ ಕೆನ್ನೆ ನೋಡುವ ಅಲ್ಟ್ರಾಸೌಂಡ್ ಯಂತ್ರಕ್ಕೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ಬೇಕು. ಯಂತ್ರ ಇಲ್ಲದ ಕ್ಲಿನಿಕ್‌ನವರು ರೇಡಿಯಾಲಜಿಸ್ಟ್ ಹತ್ತಿರ ಕಳಿಸುವಾಗ ಚೀಟಿಯ ಜೊತೆ ಗುರುತು ಹಾಕಿದ ಆ ಫಿಲ್ಮನ್ನೂ ಕಳಿಸಿ, ‘ಎರಡೂ ಕಡೆ, ಸಡಿಲ ಮತ್ತು ಕಚ್ಚಿ, ಜೆಲ್ ಪಟ್ಟಿ ಕಾಣುವಂತೆ’ ಎಂದು ಬರೆದುಕೊಡಿ.