ಬೇಸ್ ಗಿಟಾರ್: ಮನೆಯಲ್ಲೇ ಸ್ವಚ್ಛ ಧ್ವನಿಮುದ್ರಣ ಮಾಡುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಆರ್ಕೆಸ್ಟ್ರಾ ತಂಡಗಳಲ್ಲಿ ಬೇಸ್ ನುಡಿಸುವವರು ತಮ್ಮ ಭಾಗವನ್ನು ಮನೆಯಲ್ಲೇ ಮುದ್ರಿಸಿ ಸ್ಟುಡಿಯೊಗೆ ಕಳುಹಿಸಲು ಒಂದು ಲ್ಯಾಪ್‌ಟಾಪ್, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೊ ಇಂಟರ್‌ಫೇಸ್ ಮತ್ತು ಒಂದು ಒಳ್ಳೆಯ ಹೆಡ್‌ಫೋನ್ ಸಾಕು. ಆದರೆ ವೇದಿಕೆಯ ಅಬ್ಬರದಲ್ಲಿ ಮುಚ್ಚಿಹೋಗುವ ಗುಂಯ್‌ಗುಡುವಿಕೆ, ತಂತಿಯ ಕಿರುಗುಟ್ಟುವಿಕೆ, ಏರುಪೇರಾದ ಬೆರಳೇಟು ಎಲ್ಲವೂ ಮುದ್ರಣದಲ್ಲಿ ಎದ್ದು ಕೇಳುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಸಾಫ್ಟ್‌ವೇರ್‌ನಿಂದ ಆಮೇಲೆ ಸರಿಪಡಿಸಲು ಆಗುವುದಿಲ್ಲವಾದ್ದರಿಂದ, ಕೆಲಸವನ್ನು ವಾದ್ಯದಿಂದಲೇ ಆರಂಭಿಸಬೇಕು.

ಮೊದಲು ತಂತಿಗಳು. ಹಳೆಯ ತಂತಿಯಲ್ಲಿ ಬೆವರು, ಕೊಳೆ ಸೇರಿ ಮೇಲಿನ ಸ್ವರಾಂಶಗಳು ಸತ್ತುಹೋಗಿರುತ್ತವೆ. ಈಕ್ವಲೈಜರ್‌ನಲ್ಲಿ ಟ್ರೆಬಲ್ ಎಷ್ಟೇ ಏರಿಸಿದರೂ ಇಲ್ಲದ ದನಿ ಹುಟ್ಟುವುದಿಲ್ಲ. ದುಂಡು ಎಳೆ ಸುತ್ತಿದ ರೌಂಡ್‌ವೌಂಡ್ ತಂತಿ ಹೊಳಪಿನ ದನಿ ಕೊಡುತ್ತದೆ, ಆದರೆ ಬೆರಳು ಜಾರುವ ಸದ್ದೂ ಹೆಚ್ಚು. ನಿಧಾನಗತಿಯ ಭಾವಗೀತೆಗೆ ಚಪ್ಪಟೆ ಎಳೆ ಸುತ್ತಿದ ಫ್ಲಾಟ್‌ವೌಂಡ್ ತಂತಿಯೇ ಹಿತ ಎಂಬುದು ನನ್ನ ಅಭಿಪ್ರಾಯ. ಶ್ರುತಿ ಮಾಡಿದ ಮೇಲೆ, ಬಿಟ್ಟ ತಂತಿಯ ಸ್ವರಕ್ಕೂ ಹನ್ನೆರಡನೆಯ ಫ್ರೆಟ್‌ನ ಸ್ವರಕ್ಕೂ ಸರಿಯಾಗಿ ಒಂದು ಸ್ಥಾಯಿಯ ಅಂತರವಿದೆಯೇ ಎಂದು ಟ್ಯೂನರ್‌ನಲ್ಲಿ ನೋಡಿ, ಇಲ್ಲದಿದ್ದರೆ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಸರಿಪಡಿಸಿಕೊಳ್ಳಬೇಕು.

ನಮ್ಮ ಮನೆಗಳಲ್ಲಿ ಅತಿ ದೊಡ್ಡ ತೊಡಕು ವಿದ್ಯುತ್ತಿನ ಗುಂಯ್‌ಕಾರ. ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ನಾಲ್ಕು ತಂತಿಯ ಬೇಸ್‌ನ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಬರುವ ಇ ಸ್ವರ ಸುಮಾರು 41 ಹರ್ಟ್ಸ್. ಅದೇ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್, ನಾಲ್ಕನೆಯದು ಸುಮಾರು 52. ಅಂದರೆ ಗುಂಯ್‌ಕಾರ ಸರಿಯಾಗಿ ಈ ಎರಡು ಸ್ವರಗಳ ನಡುವೆ ಕುಳಿತಿದೆ. ಅದನ್ನು ಫಿಲ್ಟರ್‌ನಿಂದ ಕತ್ತರಿಸಲು ಹೋದರೆ ಜಿ ಸ್ವರದ ಬುಡವೇ ಕಳಚಿಕೊಂಡು, ಪಕ್ಕದ ಸ್ವರಗಳಿಗಿಂತ ಅದೊಂದೇ ಬಡವಾಗಿ ಕೇಳುತ್ತದೆ. ವಿದೇಶಿ ಪಾಠಗಳಲ್ಲಿ ಹೇಳುವ 60 ಹರ್ಟ್ಸ್ ಸೆಟ್ಟಿಂಗ್ ಇಲ್ಲಿ ಉಪಯೋಗಕ್ಕೆ ಬಾರದು.

ಆದ್ದರಿಂದ ಗುಂಯ್‌ಕಾರವನ್ನು ಮೂಲದಲ್ಲೇ ನಿಲ್ಲಿಸಬೇಕು. ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಹಳೆಯ ಟ್ಯೂಬ್‌ಲೈಟ್‌ನ ಚೋಕ್, ಸ್ಕ್ವೇರ್ ವೇವ್ ಇನ್ವರ್ಟರ್ ಇವನ್ನು ಒಂದೊಂದಾಗಿ ಆರಿಸುತ್ತಾ ಹೆಡ್‌ಫೋನ್‌ನಲ್ಲಿ ಕಿವಿಗೊಟ್ಟರೆ ಯಾವುದರದು ತಪ್ಪೆಂದು ಬೇಗನೆ ಗೊತ್ತಾಗುತ್ತದೆ. ಕುಳಿತಲ್ಲೇ ಗಿಟಾರನ್ನು ನಿಧಾನವಾಗಿ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ಕುಗ್ಗಿದರೆ ಅದೇ ಭಂಗಿಯಲ್ಲಿ ನುಡಿಸಿ. ಜಾಝ್ ಬೇಸ್ ಮಾದರಿಯ ವಾದ್ಯವಾದರೆ ಸಾಮಾನ್ಯವಾಗಿ ಎರಡೂ ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ವಾಲ್ಯೂಮನ್ನು ಪೂರ್ತಿ ಏರಿಸಿದಾಗ ಗುಂಯ್‌ಕಾರ ಪರಸ್ಪರ ರದ್ದಾಗುತ್ತದೆ. ಏನೇ ಆದರೂ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಕೀಳಬಾರದು. ಸದ್ದು ಹೋದರೂ ಜೀವಕ್ಕೇ ಅಪಾಯ ಬರುತ್ತದೆ.

ಇನ್ನು ಜೋಡಣೆ. ಕೇಬಲ್ ಮೂರು ಮೀಟರ್ ಮೀರದಿರಲಿ, ಉದ್ದವಾದಷ್ಟೂ ದನಿ ಮಸುಕಾಗುತ್ತದೆ. ಇಂಟರ್‌ಫೇಸ್‌ನ ಲೈನ್ ಇನ್‌ಪುಟ್ ಬಿಟ್ಟು, ಇನ್‌ಸ್ಟ್ರುಮೆಂಟ್ ಎಂದು ಗುರುತಿಸಿದ ಇನ್‌ಪುಟ್ ಬಳಸಬೇಕು. ಬ್ಯಾಟರಿಯಿಲ್ಲದ ಪ್ಯಾಸಿವ್ ಪಿಕಪ್‌ಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಇಂಪಿಡೆನ್ಸ್ (ವಿದ್ಯುತ್ ತಡೆ) ಬೇಕು, ಕಡಿಮೆಯಾದರೆ ಮೇಲಿನ ಸ್ವರಾಂಶಗಳು ಕುಸಿಯುತ್ತವೆ. ಅಂಥ ಇನ್‌ಪುಟ್ ಇಲ್ಲದಿದ್ದರೆ ವಾದ್ಯದ ಸಂಕೇತವನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸುವ ಡಿಐ ಬಾಕ್ಸ್ ಮೂಲಕ ಅಲ್ಲಿಗೆ ಕೊಡಬಹುದು. ರೆಕಾರ್ಡಿಂಗ್ 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿರಲಿ. ಇಡೀ ಹಾಡಿನಲ್ಲಿ ಅತಿ ಜೋರಾಗಿ ಬರುವ ಭಾಗವನ್ನು ನುಡಿಸುತ್ತಾ, ಮೀಟರ್ ಮೈನಸ್ 12ರಿಂದ ಮೈನಸ್ 8 ಡೆಸಿಬಲ್ ನಡುವೆ ಮುಟ್ಟುವಂತೆ ಗೇನ್ (ಒಳಬರುವ ಸಂಕೇತವನ್ನು ಏರಿಸುವ ಮಟ್ಟ) ಇಡಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಮತ್ತೆ ಕೂಡಿಸಲು ಬರುವುದಿಲ್ಲ.

ನುಡಿಸುವಾಗ ಬಲಗೈಯ ಜಾಗ ಬಹಳ ಮುಖ್ಯ. ಕುತ್ತಿಗೆಯ ಬಳಿ ಮೀಟಿದರೆ ದನಿ ದುಂಡಗೆ, ಬ್ರಿಡ್ಜ್ ಬಳಿ ಮೀಟಿದರೆ ಬಿಗಿಯಾಗಿ ಬರುತ್ತದೆ. ಪಲ್ಲವಿಯಲ್ಲಿ ಒಂದು ಕಡೆ, ಚರಣದಲ್ಲಿ ಇನ್ನೊಂದು ಕಡೆ ಕೈ ಸರಿದರೆ ಎರಡು ವಾದ್ಯ ನುಡಿಸಿದಂತೆ ಕೇಳುತ್ತದೆ. ನುಡಿಸದ ತಂತಿಗಳನ್ನು ಹೆಬ್ಬೆರಳಿನಿಂದಲೋ ಎಡಗೈ ಬೆರಳುಗಳಿಂದಲೋ ಹಗುರವಾಗಿ ಮುಟ್ಟಿ ಸುಮ್ಮನಿರಿಸಬೇಕು. ಸ್ವರ ಆರಂಭಿಸುವಷ್ಟೇ ಎಚ್ಚರಿಕೆ ಅದನ್ನು ನಿಲ್ಲಿಸುವಲ್ಲೂ ಇರಬೇಕೆಂದು ಹೊಸಬರಿಗೆ ಒತ್ತಿ ಹೇಳುತ್ತೇನೆ.

ಆಮೇಲಿನ ಸಂಸ್ಕರಣೆ ಮಿತವಾಗಿರಲಿ. 30 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಿರಿ. ಜೋರು ದನಿಯನ್ನು ತಗ್ಗಿಸುವ ಕಂಪ್ರೆಸರ್‌ಗೆ 4:1 ಅನುಪಾತ, ಸುಮಾರು 30 ಮಿಲಿಸೆಕೆಂಡ್ ಅಟ್ಯಾಕ್ (ತಗ್ಗಿಸಲು ಅದು ತೆಗೆದುಕೊಳ್ಳುವ ಸಮಯ) ಇಟ್ಟು, ಜೋರು ಸ್ವರಗಳಲ್ಲಿ ನಾಲ್ಕೈದು ಡೆಸಿಬಲ್ ಕುಗ್ಗುವಂತೆ ಮಾಡಿದರೆ ಬೆರಳಿನ ಮೊದಲ ಹೊಡೆತ ಉಳಿದುಕೊಂಡು ಮಟ್ಟ ಸಮನಾಗುತ್ತದೆ. 250 ಹರ್ಟ್ಸ್ ಆಸುಪಾಸಿನಲ್ಲಿ ಎರಡು ಡೆಸಿಬಲ್ ತಗ್ಗಿಸಿದರೆ ಮಬ್ಬು ಕಡಿಮೆಯಾಗುತ್ತದೆ. 700ರಿಂದ 1000 ಹರ್ಟ್ಸ್ ನಡುವೆ ಸ್ವಲ್ಪ ಏರಿಸಿದರೆ, ತಳದ ದನಿಯನ್ನು ಹೊಮ್ಮಿಸಲಾರದ ಮೊಬೈಲ್ ಸ್ಪೀಕರಿನಲ್ಲೂ ಬೇಸ್‌ನ ನಡೆ ಕಿವಿಗೆ ಬೀಳುತ್ತದೆ. ಹಾಡು ಜಾನಪದದ್ದಾದರೆ ಜೊತೆಯ ವಾದ್ಯಗಳನ್ನು ಕೇಳಿಕೊಂಡೇ ನಿರ್ಧರಿಸಿ: ಕಂಸಾಳೆಯ ದನಿ ಬೇಸ್‌ಗಿಂತ ಎಷ್ಟೋ ಮೇಲಿರುವುದರಿಂದ ತಿಕ್ಕಾಟವಿಲ್ಲ, ಡೊಳ್ಳು ಇದ್ದಲ್ಲಿ ಮಾತ್ರ ಎರಡರಲ್ಲಿ ಒಂದರ ತಳವನ್ನು ತಗ್ಗಿಸಲೇಬೇಕಾಗುತ್ತದೆ.

ಸ್ಟುಡಿಯೊಗೆ ಕಳುಹಿಸುವಾಗ ಸಂಸ್ಕರಿಸಿದ ಟ್ರ್ಯಾಕಿನ ಜೊತೆಗೆ ಏನೂ ಸೇರಿಸದ ಮೂಲ ಟ್ರ್ಯಾಕನ್ನೂ ಕೊಡಿ. ಎರಡೂ ಹಾಡಿನ ಮೊದಲ ಕ್ಷಣದಿಂದಲೇ ಆರಂಭವಾಗುವ ಮೋನೊ ವೇವ್ ಫೈಲ್‌ಗಳಾಗಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿಯೇ ಲಗತ್ತಿಸಿ.