ನಾಯಿಯ ಕಿವಿಯೊಳಗಿನ ಕೂದಲು: ಕೀಳಬೇಕೇ, ಬಿಡಬೇಕೇ?

ಶಿಟ್ಜು, ಲಾಸಾ ಆಪ್ಸೊ, ಪೂಡಲ್‌ನಂಥ, ಕಿವಿನಾಳದೊಳಗೂ ಕೂದಲು ಬೆಳೆಯುವ ತಳಿ ಸಾಕಿದವರು ನಾಯಿಯ ಕೂದಲು ಕತ್ತರಿಸಲು ಹೋದಾಗ ‘ಕಿವಿಯೊಳಗಿನ ಕೂದಲೂ ಕಿತ್ತುಬಿಡಲಾ?’ ಎಂದು ಗ್ರೂಮರ್ ಕೇಳುವುದುಂಟು. ಕಿವಿ ಆರೋಗ್ಯವಾಗಿದ್ದರೆ ಬೇಡ ಎನ್ನಿ. ಕೂದಲಿದ್ದರೆ ಗಾಳಿ ಆಡುವುದಿಲ್ಲ, ಕಿವಿ ಕೊಳೆಯುತ್ತದೆ ಎಂದು ತಪ್ಪದೇ ಕೀಳಿಸುವ ರೂಢಿ ಹಳೆಯದು. ಆದರೆ ಕೂದಲು ಕಿತ್ತಾಗ ಅದರ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯವಾಗುತ್ತದೆ. ಚರ್ಮ ಕೆಂಪೇರಿ ರಸ ಜಿನುಗಬಹುದು. ಯೀಸ್ಟ್ ಎಂಬ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಕಿವಿಯಲ್ಲಿ ಮೊದಲೇ ಇರುತ್ತವೆ. ಬೆಚ್ಚಗಿನ ಒದ್ದೆ ಜಾಗ ಸಿಕ್ಕರೆ ಹೆಚ್ಚುತ್ತವೆ.

ಲ್ಯಾಬ್ರಡಾರ್, ಪೊಮೆರೇನಿಯನ್, ಮುಧೋಳ, ಓಣಿಯ ನಾಡುನಾಯಿ ಇವುಗಳ ಕಿವಿನಾಳದೊಳಗೆ ಕೀಳುವಷ್ಟು ಕೂದಲು ಸಾಮಾನ್ಯವಾಗಿ ಬೆಳೆಯುವುದೇ ಇಲ್ಲ.

ಮೊದಲು ನೋಡಿ, ಮೂಸಿ

ವಾರಕ್ಕೊಮ್ಮೆ ಬೆಳಕಿರುವ ಕಡೆ ಕೂರಿಸಿ ಕಿವಿಯನ್ನು ಮೇಲಕ್ಕೆ ಮಡಚಿ. ಚರ್ಮ ತಿಳಿಗುಲಾಬಿ ಬಣ್ಣಕ್ಕಿದ್ದು, ಒಂಚೂರು ತಿಳಿಕಂದು ಗುಗ್ಗೆ ಇದ್ದು, ದುರ್ವಾಸನೆ ಇಲ್ಲದಿದ್ದರೆ ಎಲ್ಲ ಸರಿಯಿದೆ. ಚಹಾಪುಡಿಯಂಥ ಕಪ್ಪು ಒಣ ಕಸ ತುಂಬಿದ್ದರೆ ಕಿವಿನುಸಿ ಎಂಬ ಪುಟ್ಟ ಹುಳ ಇರಬಹುದು. ಮರಿಗಳಲ್ಲಿ ಇದು ಹೆಚ್ಚು. ಹುಳಿವಾಸನೆಯ ಕಂದು ಜಿಡ್ಡು ಯೀಸ್ಟ್‌ನ ಲಕ್ಷಣ, ನಾರುವ ಹಳದಿ ಕೀವು ಬ್ಯಾಕ್ಟೀರಿಯಾದ್ದು. ಆದರೂ ಇಂಥದ್ದೇ ಎಂದು ಖಚಿತವಾಗುವುದು ಡಾಕ್ಟರು ಆ ಕಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ.

ಕಿವಿಯ ಮಡಿಕೆಗಳಲ್ಲಿ ಉಣ್ಣಿ ಇದೆಯೇ ಎಂದೂ ನೋಡಿ. ಇದ್ದರೆ ಚರ್ಮಕ್ಕೆ ತಾಗುವಂತೆ ಚಿಮಟದಲ್ಲಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ. ಹೊಲದ ಕಡೆ ಅಡ್ಡಾಡಿ ಬಂದ ನಾಯಿ ಇದ್ದಕ್ಕಿದ್ದಂತೆ ಒಂದೇ ಕಡೆ ತಲೆ ಕೊಡವತೊಡಗಿದರೆ ಹುಲ್ಲಿನ ಮುಳ್ಳು ಒಳಗೆ ಹೋಗಿರಬಹುದು. ಮನೆಯಲ್ಲಿ ಅದನ್ನು ತೆಗೆಯಲು ಹೋಗಬೇಡಿ, ಅದು ಮತ್ತೂ ಒಳಗೆ ಸರಿಯುತ್ತದೆ.

ಕೀಳುವ ಬದಲು ಕತ್ತರಿಸಿ

ಗಾಳಿಗೆ ಹೆಚ್ಚು ಅಡ್ಡಿಯಾಗುವುದು ಕಿವಿಯ ಬಾಯಿಯ ಸುತ್ತ ಮತ್ತು ಜೋಲುಕಿವಿಯ ಒಳಮೈಯಲ್ಲಿ ಬೆಳೆದ ಕೂದಲು. ನಾಳದ ಬಾಯಿಗೆ ಹತ್ತಿಯ ಉಂಡೆ ಸಡಿಲವಾಗಿ ಇಡಿ, ಇಲ್ಲದಿದ್ದರೆ ಕತ್ತರಿಸಿದ ಚೂರುಗಳು ಒಳಗೆ ಬಿದ್ದು ಕೆರೆತ ಶುರುವಾಗುತ್ತದೆ. ತುದಿ ಮೊಂಡಾದ ಸಣ್ಣ ಕತ್ತರಿಯಿಂದ ಕೂದಲನ್ನು ಗಿಡ್ಡ ಮಾಡಿ. ಕತ್ತರಿಯ ತುದಿ ನಾಳದೊಳಗೆ ಹೋಗಕೂಡದು. ಕಿವಿಯ ಅಂಚಿನಲ್ಲಿ ಚರ್ಮದ ಸಣ್ಣ ಜೇಬಿನಂಥ ಮಡಿಕೆಯೊಂದಿದೆ, ಕೂದಲಿನ ಮರೆಯಲ್ಲಿ ಅದು ಕಾಣುವುದಿಲ್ಲ. ಬೆರಳಿಂದ ಮುಟ್ಟಿ ತಿಳಿದುಕೊಂಡೇ ಕತ್ತರಿ ಹಾಕಿ. ಮುಗಿದ ಮೇಲೆ ಹತ್ತಿ ತೆಗೆಯುವುದು ಮರೆಯಬೇಡಿ.

ತೊಳೆಯುವ ಕ್ರಮ

ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು ಆಮೇಲೆ ತಲೆಯ ಒಳಕ್ಕೆ ತಿರುಗುತ್ತದೆ. ಕಿವಿಯ ತಮಟೆ ಇರುವುದು ಆ ತಿರುವಿನಾಚೆ. ಇಯರ್ ಬಡ್ ತೂರಿಸಿದರೆ ಗುಗ್ಗೆ ಹೊರಬರುವುದಿಲ್ಲ, ತಿರುವಿನಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ.

ನಾಯಿಗಳಿಗೆಂದೇ ಇರುವ ಕಿವಿ ಕ್ಲೀನರ್ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ತಣ್ಣಗಿರದಂತೆ ಮಾಡಿ. ಕಿವಿ ಮೇಲಕ್ಕೆತ್ತಿ ನಾಳ ತುಂಬುವಷ್ಟು ಹಾಕಿ, ಕಿವಿಯ ಬುಡವನ್ನು 20ರಿಂದ 30 ಸೆಕೆಂಡು ತಿಕ್ಕಿ. ಒಳಗೆ ಪಚಪಚ ಸದ್ದು ಕೇಳಬೇಕು. ನಾಯಿ ತಲೆ ಕೊಡವಲಿ. ಹೊರಬಂದದ್ದನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ, ಬೆರಳು ಸಲೀಸಾಗಿ ಹೋಗುವಷ್ಟೇ ಆಳ ಒರೆಸಿ. ಜೋಳದ ರೊಟ್ಟಿಯ ಒಂದು ತುಣುಕು ಕೊಟ್ಟರೆ ಮುಂದಿನ ಸಲ ತಾನೇ ಬಂದು ಕೂರುತ್ತದೆ. ಸ್ವಚ್ಛವಾಗಿರುವ ಕಿವಿಯನ್ನು ಪದೇ ಪದೇ ತೊಳೆಯುವ ಅಗತ್ಯವಿಲ್ಲ. ಆದರೆ ನಮ್ಮ ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನಾಯಿಗೆ ಮೇಲಿಂದ ಮೇಲೆ ಜಳಕ ಮಾಡಿಸುವವರು ಪ್ರತಿ ಸಲವೂ ಕಿವಿ ಒಣಗಿಸಲೇಬೇಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್, ಕೊಬ್ಬರಿ ಎಣ್ಣೆ, ಬೇವಿನೆಣ್ಣೆ ಯಾವುದೂ ಬೇಡ.

ಕಿವಿ ಈಗಾಗಲೇ ನೋಯುತ್ತಿದ್ದರೆ ಏನನ್ನೂ ಹಾಕಬೇಡಿ. ತಮಟೆ ಹರಿದಿದ್ದರೆ ಕೆಲವು ಕ್ಲೀನರ್ ಮತ್ತು ಔಷಧಿ ಒಳಕಿವಿಗೆ ಇಳಿದು ಕಿವುಡು ತರಬಲ್ಲವು.

ಕೀಳಲೇಬೇಕಾದಾಗ

ಕೂದಲು ಗುಗ್ಗೆಯೊಂದಿಗೆ ಜಡೆಗಟ್ಟಿ ನಾಳವನ್ನೇ ಮುಚ್ಚಿದ್ದರೆ, ಹಾಕಿದ ಔಷಧಿ ಒಳಗೆ ಇಳಿಯದಿದ್ದರೆ, ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಕೀಳುವುದಕ್ಕೆ ಅರ್ಥವಿದೆ. ಆ ತೀರ್ಮಾನ ಪಶುವೈದ್ಯರದ್ದು. ಊದಿ ನೋಯುವ ಕಿವಿಯಾದರೆ ಅವರು ಮಂಪರು ಬರುವ ಚುಚ್ಚುಮದ್ದು ಕೊಟ್ಟೇ ಮಾಡುತ್ತಾರೆ.

ಉರಿಯೂತವಿಲ್ಲದ ಕಿವಿಯಲ್ಲಿ ಮನೆಯಲ್ಲೇ ಮಾಡಿ ಎಂದು ಅವರು ಹೇಳಿದರೆ, ಹಿಡಿತ ಸಿಗಲು ಒಂದು ಚಿಟಿಕೆ ಇಯರ್ ಪೌಡರ್ ಉದುರಿಸಿ. ಹೆಚ್ಚಾದರೆ ಅದೇ ಗುಗ್ಗೆಗೆ ಅಂಟಿ ಗಟ್ಟಿಯಾಗುತ್ತದೆ. ಬೆರಳಿಂದ ನಾಲ್ಕೈದು ಎಳೆ ಮಾತ್ರ ಹಿಡಿದು, ಬೆಳೆದ ದಿಕ್ಕಿಗೇ ಚಕ್ಕನೆ ಎಳೆಯಿರಿ. ಸಲೀಸಾಗಿ ಬರುವ ಕೂದಲಷ್ಟೇ ಸಾಕು, ನಾಳ ಬೋಳಾಗಬೇಕಿಲ್ಲ. ಚಿಮಟವನ್ನು ಕಣ್ಣಿಗೆ ಕಾಣದ ಜಾಗಕ್ಕೆ ಒಯ್ಯಬೇಡಿ. ನಾಯಿ ಕುಂಯ್‌ಗುಟ್ಟಿದರೆ, ಚರ್ಮ ಕೆಂಪಾದರೆ ಅಲ್ಲಿಗೇ ನಿಲ್ಲಿಸಿ. ಅಂದು ಜಳಕ ಬೇಡ. ಮರುದಿನವೂ ಕೆರೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಜೋರಾಗಿ ತಲೆ ಕೊಡವಿದಾಗ ಕಿವಿಯ ಎಲೆಯೊಳಗೆ ರಕ್ತನಾಳ ಒಡೆದು, ಎಲೆ ರಕ್ತ ತುಂಬಿ ಉಬ್ಬುವುದೂ ಉಂಟು.

ಕೂದಲು ತೆಗೆದರೂ ವಾಸನೆ ಮರಳಿದರೆ ಮೂಲ ಬೇರೆಡೆ ಇದೆ, ಬಹುಪಾಲು ಅಲರ್ಜಿಯಲ್ಲಿ. ನಾಯಿ ಪಾದ ನೆಕ್ಕುತ್ತದೆಯೇ, ಹೊಟ್ಟೆಯಡಿ ಕೆಂಪಾಗಿದೆಯೇ, ದಿನಾ ಏನು ತಿನ್ನುತ್ತದೆ ಎಂಬುದನ್ನು ಬರೆದಿಟ್ಟು ಡಾಕ್ಟರಿಗೆ ಹೇಳಿ. ಕೋಳಿ, ಹಾಲು ಕೂಡ ಕೆಲವಕ್ಕೆ ಒಗ್ಗುವುದಿಲ್ಲ. ತಲೆ ಒಂದೇ ಕಡೆ ವಾಲಿದರೆ, ನಡಿಗೆ ತೂರಾಡಿದರೆ ತಡಮಾಡದೆ ಹೊರಡಿ. ಊರಿನ ಆಸ್ಪತ್ರೆಯಲ್ಲಿ ಬಗೆಹರಿಯದಿದ್ದರೆ ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಕಲಬುರಗಿಯಿಂದ ಸುಮಾರು 110 ಕಿ.ಮೀ. ಹೋಗುವಾಗ ಅದುವರೆಗೆ ಹಾಕಿದ ಔಷಧಿಯ ಬಾಟಲಿಗಳನ್ನೆಲ್ಲ ಜೊತೆಗೊಯ್ಯಿರಿ. ಅಂದು ಕಿವಿ ತೊಳೆಯಬೇಡಿ, ತೊಳೆದರೆ ಪರೀಕ್ಷೆಗೆ ಬೇಕಾದ ಕಸವೇ ಹೋಗಿಬಿಡುತ್ತದೆ.