‘ಈ ದಿನ, ಕರ್ನಾಟಕ’: ನಾಡಿನ ಚರಿತ್ರೆಯ ದಿನಪಟ್ಟಿ ಮಾಡುವ ಬಗೆ

ಶಾಲೆಯ ನೋಟಿಸ್ ಬೋರ್ಡಿಗೋ, ಗ್ರಂಥಾಲಯದ ಬಾಗಿಲ ಬಳಿಯ ಕರಿಹಲಗೆಗೋ, ಕನ್ನಡ ಸಂಘದ ವಾಟ್ಸಾಪ್ ಗುಂಪಿಗೋ ‘ಇತಿಹಾಸದಲ್ಲಿ ಈ ದಿನ’ ಬರೆಯಲು ಕೂತರೆ ಮೊದಲ ವಾರ ಸಲೀಸು. ನವೆಂಬರ್ 1 ಎಲ್ಲರಿಗೂ ಗೊತ್ತು. ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4, ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23. ಎರಡನೇ ತಿಂಗಳಿಗೆ ಗಂಟು ಬೀಳುತ್ತದೆ. ಒಂದು ಕಡೆ ಒಂದು ತಾರೀಖು, ಇನ್ನೊಂದು ಕಡೆ ಇನ್ನೊಂದು. ಕೆಲವಕ್ಕೆ ತಾರೀಖೇ ಇಲ್ಲ, ಬರೀ ತಿಥಿ. ಆದ್ದರಿಂದ ಘಟನೆಗಳನ್ನು ಹುಡುಕುವುದಕ್ಕೂ ಮೊದಲು ಹಾಳೆಯನ್ನು ಸರಿಯಾಗಿ ಹಾಕಿಕೊಳ್ಳಬೇಕು.

ಹಾಳೆ

ತಾರೀಖನ್ನು ಒಂದೇ ಅಂಕಣದಲ್ಲಿ ಬರೆಯಬೇಡಿ. ದಿನ, ತಿಂಗಳು, ವರ್ಷ ಮೂರಕ್ಕೂ ಬೇರೆ ಬೇರೆ ಅಂಕಣ ಇರಲಿ. ಎಕ್ಸೆಲ್‌ಗೆ 1900ರ ಜನವರಿ 1ಕ್ಕಿಂತ ಹಿಂದಿನ ತಾರೀಖು ತಾರೀಖೇ ಅಲ್ಲ. 4/5/1799 ಎಂದು ಹೊಡೆದರೆ ಅದನ್ನು ಬರೀ ಅಕ್ಷರ ಎಂದು ಇಟ್ಟುಕೊಳ್ಳುತ್ತದೆ, ಕ್ರಮವಾಗಿ ಜೋಡಿಸಹೊರಟರೆ 1881ರದ್ದು ಎಲ್ಲೋ, 1947ರದ್ದು ಇನ್ನೆಲ್ಲೋ ಹೋಗಿ ಕೂರುತ್ತದೆ. 1900ರ ಈಚಿನವಕ್ಕೆ ಬೇರೆಯೇ ತೊಂದರೆ. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ 5/8/1905 ಎಂದು ಬರೆದರೆ ಆಗಸ್ಟ್ 5 ಹೋಗಿ ಮೇ 8 ಆಗುತ್ತದೆ. ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದ ಸುದ್ದಿ ಮೂರು ತಿಂಗಳು ಮುಂಚೆಯೇ ಬೋರ್ಡಿಗೆ ಬಂದುಬಿಡುತ್ತದೆ.

ಈ ಮೂರರ ಜೊತೆಗೆ ಘಟನೆ, ಊರು, ಕಂದಾಯ ವಿಭಾಗ, ಮೊದಲ ಆಧಾರ, ಎರಡನೇ ಆಧಾರ, ಮೂಲದ ಕಾಲಗಣನೆ, ಖಚಿತತೆ. ಹತ್ತು ಅಂಕಣ ಸಾಕು. ಸಾಲುಗಳು 366. ಫೆಬ್ರವರಿ 29ನ್ನು ಬಿಟ್ಟು 365 ಮಾಡಿಕೊಂಡು ‘ವರ್ಷದ ಎಷ್ಟನೇ ದಿನ’ ಎಂಬ ಲೆಕ್ಕದಲ್ಲಿ ಸಾಲು ಎತ್ತುವಂತೆ ಇಟ್ಟರೆ, ಅಧಿಕ ವರ್ಷದಲ್ಲಿ ಮಾರ್ಚ್ 1ರಿಂದ ಡಿಸೆಂಬರ್‌ವರೆಗೆ ಎಲ್ಲವೂ ಒಂದು ದಿನ ಜಾರುತ್ತವೆ. ಬರಹ ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ ಫಾಂಟಿನ ಕಡತವನ್ನು ಹಾಗೆಯೇ ಅಂಟಿಸಿದರೆ ಮುಂದೆ ‘ಕಿತ್ತೂರು’ ಎಂದು ಹುಡುಕಿದಾಗ ಏನೂ ಸಿಗುವುದಿಲ್ಲ.

ಯಾವ ದಿನವನ್ನು ಹಿಡಿಯಬೇಕು?

ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ. ಎರಡು ತಾರೀಖು ಸಿಕ್ಕಾಗ ಒಂದು ತಪ್ಪಿರಲೇಬೇಕು ಎಂದಿಲ್ಲ. ಎಷ್ಟೋ ಸಲ ಎರಡೂ ಸರಿ, ಘಟನೆಯ ಬೇರೆ ಬೇರೆ ಹಂತ ಅಷ್ಟೆ.

ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು, ಅದು ಜಾರಿಗೆ ಬಂದದ್ದು ನವೆಂಬರ್ 1ರಂದು. ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಶುರುವಾದದ್ದು 1948ರ ಸೆಪ್ಟೆಂಬರ್ 13, ನಿಜಾಮ ಕದನವಿರಾಮ ಸಾರಿದ್ದು 17, ಅವನ ಸೇನೆ ವಿಧ್ಯುಕ್ತವಾಗಿ ಶರಣಾದದ್ದು 18. ಕಲ್ಯಾಣ ಕರ್ನಾಟಕ ವಿಮೋಚನಾ ದಿನವನ್ನು 17ರಂದು ಆಚರಿಸುತ್ತೇವೆ ಎಂದ ಮಾತ್ರಕ್ಕೆ ‘17ರಂದು ಸೇನೆ ಶರಣಾಯಿತು’ ಎಂದು ಬರೆಯುವ ಹಾಗಿಲ್ಲ. ವಿಧಾನಸೌಧಕ್ಕೆ ನೆಹರೂ ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13. ಅದೇ ತಾರೀಖು ಉದ್ಘಾಟನೆಯ ಹೆಸರಿನಲ್ಲಿ ಓಡಾಡಿದರೆ ಕಟ್ಟಡ ಕಟ್ಟಿದ ಅಷ್ಟೂ ವರ್ಷ ಮಾಯ. ಹೀಗಾಗಿ ಘಟನೆಯ ಅಂಕಣದಲ್ಲಿ ಕ್ರಿಯಾಪದ ನಿಖರವಾಗಿರಲಿ: ಅಂಕಿತ ಬಿತ್ತು, ಜಾರಿಗೆ ಬಂತು, ಶಂಕುಸ್ಥಾಪನೆಯಾಯಿತು. ‘ಆಯಿತು’ ಎಂದಷ್ಟೇ ಬರೆದಿಟ್ಟ ಸಾಲು ಮುಂದಿನ ವರ್ಷ ನಿಮಗೇ ಅರ್ಥವಾಗುವುದಿಲ್ಲ.

ಪತ್ರಿಕೆಯಿಂದ ಎತ್ತುವಾಗ ಪುಟದ ಮೇಲಿನ ತಾರೀಖನ್ನು ಬಿಟ್ಟು ಸುದ್ದಿಯ ಮೊದಲ ಸಾಲು ನೋಡಿ. ನಿನ್ನೆ ನಡೆದದ್ದು ಇಂದಿನ ಪತ್ರಿಕೆಯಲ್ಲಿ ಇರುತ್ತದೆ. ಒಂದು ದಿನದ ವ್ಯತ್ಯಾಸ ಕಂಡಲ್ಲೆಲ್ಲ ಮೊದಲು ಇದನ್ನೇ ಅನುಮಾನಿಸಿ.

1582ಕ್ಕಿಂತ ಹಿಂದಿನ ತಾರೀಖುಗಳು

ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಹುಟ್ಟಿದ್ದು 1582ರ ಅಕ್ಟೋಬರಿನಲ್ಲಿ. ಅದಕ್ಕೂ ಹಿಂದಿನ ಘಟನೆಗಳಿಗೆ ಚರಿತ್ರೆಯ ಪುಸ್ತಕಗಳು ಕೊಡುವುದು ಜೂಲಿಯನ್ ಎಂಬ ಹಳೆಯ ಕ್ಯಾಲೆಂಡರಿನ ತಾರೀಖು. ಮೊಬೈಲಿನಲ್ಲೋ ಜಾಲತಾಣದಲ್ಲೋ ವಾರ ನೋಡಿದರೆ ತಾಳೆಯಾಗದೆ ಗಾಬರಿಯಾಗುವುದು ಇದಕ್ಕೇ.

ಕೃಷ್ಣದೇವರಾಯನ ಮರಣವನ್ನೇ ತೆಗೆದುಕೊಳ್ಳಿ. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯಲ್ಲಿ ಸಿಕ್ಕ ಶಾಸನದ ಪ್ರಕಾರ ಅದು 1529ರ ಅಕ್ಟೋಬರ್ 17, ಭಾನುವಾರ. ಅಂದು ಚಂದ್ರಗ್ರಹಣ. ಇಂದಿನ ಕ್ಯಾಲೆಂಡರನ್ನು ಹಿಂದಕ್ಕೆ ಓಡಿಸಿದರೆ ಆ ತಾರೀಖಿಗೆ ಗುರುವಾರ ಬರುತ್ತದೆ. ಹಾಗಾದರೆ ಶಾಸನ ತಪ್ಪೇ? ಅಲ್ಲ. 16ನೇ ಶತಮಾನದಲ್ಲಿ ಎರಡು ಕ್ಯಾಲೆಂಡರುಗಳ ಅಂತರ 10 ದಿನ. 17ಕ್ಕೆ 10 ಕೂಡಿಸಿ ಅಕ್ಟೋಬರ್ 27ರ ವಾರ ನೋಡಿ: ಭಾನುವಾರ. ಹುಣ್ಣಿಮೆಯೂ ಅಂದೇ ಬೀಳುತ್ತದೆ, ಗ್ರಹಣಕ್ಕೆ ಅದು ಬೇಕೇ ಬೇಕು. ವಾರ, ಹುಣ್ಣಿಮೆ ಎರಡೂ ಕೂಡಿಬಂದ ಇಂಥ ತಾರೀಖಿಗೆ ಖಚಿತತೆಯ ಅಂಕಣದಲ್ಲಿ ಧೈರ್ಯವಾಗಿ ‘ಗಟ್ಟಿ’ ಎಂದು ಬರೆಯಬಹುದು.

ಕೂಡಿಸಬೇಕಾದ ದಿನಗಳು: 14ನೇ ಶತಮಾನಕ್ಕೆ 8, 15ಕ್ಕೆ 9, 16 ಮತ್ತು 17ಕ್ಕೆ 10, 18ಕ್ಕೆ 11. ಇದು ವಾರ ತಾಳೆ ನೋಡಲು ಮಾತ್ರ. ಸಾಲನ್ನು ಅಕ್ಟೋಬರ್ 27ಕ್ಕೆ ಎತ್ತಿ ಹಾಕಬೇಡಿ. ಓದುಗರು ಪುಸ್ತಕದಲ್ಲಿ ಕಾಣುವುದು 17, ಬೋರ್ಡಿನಲ್ಲೂ 17 ಇರಲಿ, ಕಾಲಗಣನೆಯ ಅಂಕಣದಲ್ಲಿ ‘ಜೂಲಿಯನ್’ ಎಂದಿರಲಿ. ಮಂಗಳವಾರ ಎಂದು ಹೇಳಲಾಗುವ ತಾಳಿಕೋಟೆ ಕದನವನ್ನು, ಅಂದರೆ 1565ರ ಜನವರಿ 23ನ್ನು, ಇದೇ ರೀತಿ ಪರೀಕ್ಷಿಸಿ ನೋಡಿ. 10 ಕೂಡಿಸಿ ಫೆಬ್ರವರಿ 2ಕ್ಕೆ ಹೋದರೆ ಮಂಗಳವಾರವೇ ಸಿಗುತ್ತದೆ.

1582ರ ನಂತರ ಯಾರ ಕಾಗದ ಎಂಬುದು ಮುಖ್ಯ. ಗೋವೆಯ ಪೋರ್ಚುಗೀಸರು ಬೇಗನೆ ಹೊಸ ಕ್ಯಾಲೆಂಡರಿಗೆ ಬಂದರು, ಇಂಗ್ಲಿಷರು 1752ರ ಸೆಪ್ಟೆಂಬರ್‌ವರೆಗೆ ಹಳೆಯದರಲ್ಲೇ ಇದ್ದರು. ಹಾಗಾಗಿ ಕರಾವಳಿಯ ಒಂದೇ ಘಟನೆಗೆ ಪೋರ್ಚುಗೀಸ್ ಪತ್ರದಲ್ಲೊಂದು, ಕಾರವಾರದ ಇಂಗ್ಲಿಷ್ ಕೋಠಿಯ (ವ್ಯಾಪಾರದ ನೆಲೆಯ) ಪತ್ರದಲ್ಲೊಂದು ತಾರೀಖು ಇದ್ದರೆ ಆಶ್ಚರ್ಯವಿಲ್ಲ. ಇಂಗ್ಲಿಷರ ಹಳೆಯ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅವರ ಕಾಗದದಲ್ಲಿ 1752ಕ್ಕೆ ಹಿಂದಿನ ಜನವರಿ, ಫೆಬ್ರವರಿ ಕಂಡರೆ ವರ್ಷ ಒಂದು ಕಡಿಮೆ ಬರೆದಿರಬಹುದು ಎಂಬುದು ನೆನಪಿರಲಿ. ಹಿಜರಿ ತಾರೀಖಾದರೆ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ, ಅಲ್ಲೂ ಒಂದು ದಿನ ಆಚೀಚೆ.

ಶಕವರ್ಷ

ಶಾಸನದ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಪುಷ್ಯದ ನಡುವೆ ಎಲ್ಲೋ ಜನವರಿ ಬರುವುದರಿಂದ ಮಾಘ, ಫಾಲ್ಗುಣಕ್ಕೆ 79. ‘ಗತ’ (ಮುಗಿದ ವರ್ಷ) ಎಂದಿದೆಯೋ ‘ವರ್ತಮಾನ’ (ನಡೆಯುತ್ತಿರುವ ವರ್ಷ) ಎಂದಿದೆಯೋ ನೋಡಿ. ವರ್ತಮಾನವಾದರೆ ಒಂದು ಕಳೆಯಬೇಕು. ಏನೂ ಹೇಳಿಲ್ಲವಾದರೆ ಸಂವತ್ಸರದ ಹೆಸರು ದಾರಿ ತೋರಿಸುತ್ತದೆ: ಗತ ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷವನ್ನು ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿ. ಮೇಲಿನ 1529 ಎಂದರೆ ಶಕ 1451. 12 ಸೇರಿ 1463, ಶೇಷ 23, ಅಂದರೆ ವಿರೋಧಿ. ಶೇಷ ಸೊನ್ನೆಯಾದರೆ ಅಕ್ಷಯ. ಶಕವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷದ ಅಂತರ ಬರುವುದು ಶಾಸನಗಳಲ್ಲಿ ಮಾಮೂಲು, ಎರಡು ಮೂರು ವರ್ಷವಾದರೆ ಆ ತಾರೀಖನ್ನು ಕೈಬಿಡಿ.

ಎಲ್ಲವೂ ದಿನಕ್ಕೆ ಇಳಿಯುವುದಿಲ್ಲ. ಬಾದಾಮಿಯ ಮೂರನೇ ಗುಹೆಯ ಮಂಗಳೇಶನ ಶಾಸನದಲ್ಲಿ ಶಕ 500, ಕಾರ್ತಿಕ ಹುಣ್ಣಿಮೆ ಎಂದಿದೆ. 578 ಎಂದು ಹೇಳಬಹುದು, ಆದರೆ ತಾಳೆ ನೋಡಲು ವಾರವಿಲ್ಲ. ಅದನ್ನು ಪ್ರತಿವರ್ಷದ ಕಾರ್ತಿಕ ಹುಣ್ಣಿಮೆಗೆ ಹಾಕುವುದೇ ಚೆಂದ. ಐಹೊಳೆಯ ರವಿಕೀರ್ತಿಯ ಶಾಸನಕ್ಕೆ ವರ್ಷವಷ್ಟೇ, ಶಕ 556. ಹಲ್ಮಿಡಿ ಶಾಸನಕ್ಕೆ ಅದೂ ಇಲ್ಲ. ಇವಕ್ಕೆ ‘ತಾರೀಖಿಲ್ಲದವು’ ಎಂದು ಇನ್ನೊಂದು ಹಾಳೆ ಮಾಡಿ, ಖಾಲಿ ದಿನಗಳಲ್ಲಿ ಬಳಸಿಕೊಳ್ಳಿ. ಖಾಲಿ ತುಂಬಲೆಂದು ತಾರೀಖು ಅಂಟಿಸಬೇಡಿ.

ತಿಥಿಯ ಜಯಂತಿಗಳು ಮೂರನೇ ಹಾಳೆಗೆ: ಬಸವ ಜಯಂತಿ ವೈಶಾಖ ಶುದ್ಧ ತದಿಗೆ, ಕನಕ ಜಯಂತಿ ಕಾರ್ತಿಕ ಬಹುಳ ತದಿಗೆ, ಪುರಂದರದಾಸರ ಆರಾಧನೆ ಪುಷ್ಯ ಬಹುಳ ಅಮಾವಾಸ್ಯೆ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ನೋಡಿ ಆ ವರ್ಷದ ತಾರೀಖು ತುಂಬಿ. ಹೋದ ವರ್ಷದ್ದನ್ನು ನಕಲು ಮಾಡಿದರೆ ಹತ್ತು ಹನ್ನೊಂದು ದಿನ, ಅಧಿಕ ಮಾಸ ಬಂದರೆ ಇನ್ನೂ ಹೆಚ್ಚು ತಪ್ಪುತ್ತದೆ. ಉತ್ತರ ಭಾರತದ ಪಂಚಾಂಗ ನೋಡಿದರೆ ಬಹುಳ ಪಕ್ಷದವೆಲ್ಲ ಮುಂದಿನ ಮಾಸದ ಹೆಸರಿನಲ್ಲಿರುತ್ತವೆ, ಏಕೆಂದರೆ ಅಲ್ಲಿ ಮಾಸ ಮುಗಿಯುವುದು ಹುಣ್ಣಿಮೆಗೆ.

ಆಧಾರ

ನಾಲ್ಕು ಜಾಲತಾಣಗಳಲ್ಲಿ ಒಂದೇ ವಾಕ್ಯ ಇದ್ದರೆ ಅದು ನಾಲ್ಕು ಆಧಾರವಲ್ಲ, ಒಂದೇ. ಕಾಗುಣಿತದ ತಪ್ಪು ಕೂಡ ಒಂದೇ ಆಗಿದ್ದರೆ ಇನ್ನು ಅನುಮಾನವೇ ಬೇಡ. ಶಾಸನಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಸಂಪುಟ, ತಾಲ್ಲೂಕು, ಸಂಖ್ಯೆ ಬರೆದಿಡಿ. ಸರ್ಕಾರಿ ಆದೇಶಕ್ಕೆ ರಾಜ್ಯಪತ್ರದ ತಾರೀಖು. ಸಂಸ್ಥೆಗಳಿಗೆ ಅವುಗಳ ಹಳೆಯ ವರದಿ. ಕಿತ್ತೂರು ಚೆನ್ನಮ್ಮನ ಮರಣಕ್ಕೆ 1829ರ ಫೆಬ್ರವರಿ 2 ಎಂದೂ 21 ಎಂದೂ ಇದೆ, ವಿಶ್ವೇಶ್ವರಯ್ಯನವರ ಜನ್ಮವರ್ಷ 1860 ಎಂದೂ 1861 ಎಂದೂ ಇದೆ. ಮೊದಲನೆಯದರಲ್ಲಿ ಸಾಲೇ ಬದಲಾಗುತ್ತದೆ, ಆದ್ದರಿಂದ ಎರಡೂ ದಿನದ ಸಾಲಿನಲ್ಲಿ ‘ಭಿನ್ನಾಭಿಪ್ರಾಯವಿದೆ’ ಎಂದು ಗುರುತು ಹಾಕಿ ಒಂದರಲ್ಲಿ ಮಾತ್ರ ಪ್ರಕಟಿಸಿ. ಎರಡನೆಯದರಲ್ಲಿ ಸೆಪ್ಟೆಂಬರ್ 15 ಹಾಗೇ ಉಳಿಯುತ್ತದೆ, ‘ಎಷ್ಟನೇ ಜಯಂತಿ’ ಎಂಬುದನ್ನು ಬಿಟ್ಟರಾಯಿತು.

ಬರೆಯುವುದು

ಇಪ್ಪತ್ತರಿಂದ ಮೂವತ್ತೈದು ಪದ. ವರ್ಷ, ಊರು, ಏನಾಯಿತು, ಅದರಿಂದ ಏನು ಬದಲಾಯಿತು. ಹೀಗೆ: ‘1881 ಮಾರ್ಚ್ 25: ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರಿನ ಆಡಳಿತ ಮತ್ತೆ ಒಡೆಯರಿಗೆ ಬಂತು. ಹತ್ತನೇ ಚಾಮರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ದಿವಾನರ ಆಡಳಿತದ ಹೊಸ ಕಾಲ ಶುರುವಾಯಿತು.’

‘ಏಷ್ಯಾದಲ್ಲೇ ಮೊದಲು’ ಎಂಬುದು ಕಂಡರೆ ಹೊಡೆದುಹಾಕಿ. ಬೆಂಗಳೂರಿನ ದೀಪಕ್ಕೆ ಈ ಬಿರುದು ಖಾಯಂ ಅಂಟಿಕೊಂಡಿದೆ, ಆದರೆ ಕೊಲ್ಕತ್ತಾದಲ್ಲಿ ವಿದ್ಯುತ್ ಸರಬರಾಜು ಶುರುವಾದದ್ದು 1899ರಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಹರಿದದ್ದೇ ಸಾಕಷ್ಟು ದೊಡ್ಡ ಸಂಗತಿ.

ಎಣಿಕೆಯಲ್ಲೂ ಎಚ್ಚರ. 1956ರ ನವೆಂಬರ್ 1ನ್ನೇ ಮೊದಲ ರಾಜ್ಯೋತ್ಸವ ಎಂದು ಹಿಡಿದರೆ 2023ರದ್ದು 68ನೆಯದು, ತುಂಬಿದ ವರ್ಷ ಮಾತ್ರ 67. ಅದೇ ದಿನ ‘ಕರ್ನಾಟಕ’ ಎಂಬ ಹೆಸರಿಗೆ 50 ತುಂಬಿತು, ಏಕೆಂದರೆ ನಾಮಕರಣವಾದದ್ದು 1973ರಲ್ಲಿ. ಈ ಮೂರು ಅಂಕಿಗಳನ್ನು ಒಂದೇ ವಾಕ್ಯಕ್ಕೆ ತುರುಕಿದರೆ ಓದುವವರು ಫೋನ್ ಮಾಡುತ್ತಾರೆ.

ಹಾಳೆ ಮುಕ್ಕಾಲು ತುಂಬಿದ ಮೇಲೆ ವಿಭಾಗದ ಅಂಕಣವನ್ನು ಎಣಿಸಿ. ಬೆಂಗಳೂರು, ಮೈಸೂರು ವಿಭಾಗಗಳು ಉಬ್ಬಿಕೊಂಡು ಬೆಳಗಾವಿ, ಕಲಬುರಗಿ ಸೊರಗಿರುತ್ತವೆ, ಇದು ಖಂಡಿತ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ 1890ರ ಜುಲೈ 20, ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದ 1924ರ ಡಿಸೆಂಬರ್ 26, ಇಂಥವನ್ನು ಹುಡುಕಿ ತುಂಬಿ. ಆಮೇಲೆ ಹುಟ್ಟು ಸಾವಿನ ಸಾಲುಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚಾಗಿದ್ದರೆ ಕೆಲವನ್ನು ತೆಗೆದು ವಿದುರಾಶ್ವತ್ಥದ ಗೋಲಿಬಾರಿನಂಥವಕ್ಕೆ (1938ರ ಏಪ್ರಿಲ್ 25) ಜಾಗ ಮಾಡಿ.

ಪ್ರಕಟಿಸಿದ ಸಾಲಿನಲ್ಲಿ ತಪ್ಪು ಸಿಕ್ಕರೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಸರಿಯಾದದ್ದು, ತಿದ್ದಿದ ದಿನ, ತಿದ್ದಿಸಿದ ಆಧಾರ ಬರೆಯಿರಿ. ಮುಂದಿನ ವರ್ಷ ಅದೇ ದಿನ ಅದೇ ಹಳೆಯ ತಾರೀಖನ್ನು ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ.